ಬಾಟಲಿ ತೋರಿಸದೆ ಕುಡಿತದ ಕಾಮಿಕ್ಸ್ ಮಾಡಿದ್ದು

ಮಕ್ಕಳನ್ನು ನಗಿಸುತ್ತಿದ್ದ ಒಂದು ಮುಳ್ಳುಹಂದಿ ಪಾತ್ರ. ಅದನ್ನಿಟ್ಟುಕೊಂಡು ಕುಡುಕ ಅಪ್ಪನ ಮನೆಯ ಕಥೆ ಮಾಡುತ್ತೇನೆ ಅಂದಾಗ ಜೊತೆಗೆ ಕಾಮಿಕ್ಸ್ ಬರೆಯುವ ಗೆಳೆಯರೇ ಬೇಡ ಅಂದರು. ಒಬ್ಬರಂತೂ "ಸತ್ತವರ ಪಾತ್ರದ ತಲೆ ಮೇಲೆ ನಿನ್ನ ಭಾರ ಹೇರಬೇಡ ಮಾರಾಯ" ಅಂತ ನೇರವಾಗಿಯೇ ಹೇಳಿದರು. ಈಗ ಪುಸ್ತಕ ಎರಡನೆಯ ಮುದ್ರಣಕ್ಕೆ ಹೋಗಿದೆ, ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಪಾತ್ರ ನನ್ನದಲ್ಲ, ಮೇಷ್ಟ್ರದ್ದು. ನನಗೆ ಬ್ರಷ್ ಹಿಡಿಯಲು ಕಲಿಸಿದವರು. ಸಾಲಿಗೆ ನಾಲ್ಕು ಪ್ಯಾನೆಲ್ (ಚಿತ್ರದ ಚೌಕ), ಒಂದೇ ಕೋಣೆ, ಒಬ್ಬ ಹುಡುಗ, ಒಂದು ಮುಳ್ಳುಹಂದಿ, ಅಷ್ಟೇ. ಕುಂಟು ಸ್ಟೂಲು, ಕೊಡೆ, ರೇಡಿಯೋ, ಸೈಕಲ್ ಪಂಪು, ಇವುಗಳ ಸುತ್ತಲೇ ವರ್ಷಗಟ್ಟಲೆ ನಗಿಸಿದರು. ಅವರು ಹೋದ ಮೇಲೆ ಮಗಳು ಹಳೆ ಹಾಳೆಗಳ ಕಟ್ಟು ಕೊಟ್ಟು, ಮುಂದುವರಿಸುತ್ತೀರಾ ಅಂತ ಕೇಳಿದರು.

ತನ್ನ ನಂತರ ಟಿನ್‌ಟಿನ್ ಕಾಮಿಕ್ಸ್ ಮುಂದುವರಿಸುವುದೇ ಬೇಡ ಅಂದಿದ್ದರು ಅದನ್ನು ಬರೆಯುತ್ತಿದ್ದ ಎರ್ಜೆ. ಅವರು ತೀರಿಕೊಂಡದ್ದು 1983ರಲ್ಲಿ, ಆಮೇಲೆ ಬೇರೆಯವರ ಕೈಯಿಂದ ಹೊಸ ಸಾಹಸ ಬರಲೇ ಇಲ್ಲ. ಆಸ್ಟರಿಕ್ಸ್ ಕಾಮಿಕ್ಸಿನಲ್ಲಿ ಇದಕ್ಕೆ ಉಲ್ಟಾ. ಬರೆಯುತ್ತಿದ್ದ ಗೊಸಿನಿ 1977ರಲ್ಲಿ ಹೋದರು, ಚಿತ್ರ ಬರೆಯುತ್ತಿದ್ದ ಉಡೆರ್ಜೊ ಒಬ್ಬರೇ ಮುಂದುವರಿಸಿದರು, 2013ರಿಂದ ಬೇರೆಯವರ ಕೈಯಲ್ಲಿದೆ. ನಮ್ಮ ಮೇಷ್ಟ್ರು ಬೇಕು ಅಂತಲೂ ಹೇಳಿರಲಿಲ್ಲ, ಬೇಡ ಅಂತಲೂ ಹೇಳಿರಲಿಲ್ಲ. ಒಂದು ಗೆರೆ ಎಳೆಯುವ ಮೊದಲೇ ಮಗಳ ಜೊತೆ ಕೂತು ಒಪ್ಪಂದ ಬರೆದೆ. ಮುಖಪುಟದಲ್ಲಿ ಅವರ ಹೆಸರು ಮೊದಲು, ನನ್ನದು ಕೆಳಗೆ. ಬಂದದ್ದರಲ್ಲಿ ಮೂರನೆಯ ಒಂದು ಭಾಗ ಮೇಷ್ಟ್ರ ಮನೆಯವರಿಗೆ. ಹಳೆಯ ಹಾಳೆಗಳೆಲ್ಲ ವಾಪಸ್. ಇಷ್ಟೊಂದು ಯಾಕೆ ಕೊಟ್ಟೆ ಅಂತ ಕೇಳಿದವರೂ ಇದ್ದಾರೆ. ಸೂಪರ್‌ಮ್ಯಾನ್ ಹಕ್ಕನ್ನು ಅದನ್ನು ಸೃಷ್ಟಿಸಿದ ಸೀಗಲ್ ಮತ್ತು ಶುಸ್ಟರ್ 1938ರಲ್ಲಿ ಮಾರಿದ್ದು 130 ಡಾಲರಿಗೆ. ಬ್ಯಾಟ್‌ಮ್ಯಾನ್‌ನಲ್ಲಿ ಅರ್ಧ ಕೆಲಸ ಮಾಡಿದ ಬಿಲ್ ಫಿಂಗರ್ 1974ರಲ್ಲೇ ಸತ್ತರು, ಅವರ ಹೆಸರು ಅಧಿಕೃತವಾಗಿ ಹಾಕಿದ್ದು 2015ರಲ್ಲಿ. ಇದನ್ನೆಲ್ಲ ಓದಿದ ಮೇಲೂ ನಾನು ಮೇಷ್ಟ್ರ ಮಗಳ ಹತ್ತಿರ ಚೌಕಾಸಿ ಮಾಡಬೇಕಿತ್ತಾ?

ಕೆಲಸಕ್ಕೆ ಬರೋಣ. ಮೊದಲ ಡ್ರಾಫ್ಟು ಪೂರ್ತಿ ಕಪ್ಪು. ಅಪ್ಪನ ಮುಖದಲ್ಲಿ ದಟ್ಟ ನೆರಳು, ಬಾಟಲಿ, ಹೊಡೆತ, ಒಡೆದ ಗಾಜು. ಮೂವತ್ತು ಪುಟ ಶಾಯಿಯಲ್ಲಿ ಪೂರ್ತಿ ಬರೆದು ಒಬ್ಬ ಪ್ರಕಾಶಕರಿಗೆ ತೋರಿಸಿದೆ. "ಚೆನ್ನಾಗಿದೆ, ಆದರೆ ಮುಳ್ಳುಹಂದಿ ಯಾಕಿದೆ?" ಅಂದರು. ಸರಿಯಾದ ಪ್ರಶ್ನೆಯೇ. ಆ ಡ್ರಾಫ್ಟಿನಲ್ಲಿ ಅದಕ್ಕೆ ಸೋಫಾ ಪಕ್ಕ ನಿಂತು ಅಳುವುದು ಬಿಟ್ಟರೆ ಬೇರೆ ಕೆಲಸವೇ ಇರಲಿಲ್ಲ.

ಎರಡನೆಯ ಡ್ರಾಫ್ಟಿಗೆ ಒಂದು ಸಂಸ್ಥೆ ದುಡ್ಡು ಕೊಡಲು ಮುಂದೆ ಬಂತು. ಮುದ್ರಣದ ಅರ್ಧ ಖರ್ಚು ಅವರದೇ. ಷರತ್ತು ಎರಡು. ಕೊನೆಯಲ್ಲಿ ಅಪ್ಪ ಕುಡಿತ ಬಿಡಬೇಕು, ನಡುವೆ ಎಲ್ಲೋ ಒಬ್ಬ ಆಪ್ತಸಲಹೆಗಾರರು ಬಂದು ಎರಡು ಪುಟ ಮಾತಾಡಬೇಕು. ಬರೆದು ನೋಡಿದೆ, ಸುಳ್ಳು ಹೇಳುವುದಿಲ್ಲ, ದುಡ್ಡಿನ ಆಸೆ ಇತ್ತು. ಓದಿದ ಹುಡುಗರೆಲ್ಲ ಆ ಎರಡು ಪುಟವನ್ನು ಒಟ್ಟಿಗೆ ತಿರುವಿಬಿಡುತ್ತಿದ್ದರು, ಯಾರೊಬ್ಬರೂ ಓದಲಿಲ್ಲ. ಆ ದುಡ್ಡು ಬಿಟ್ಟೆ. ಆ ವರ್ಷ ಪೂರ್ತಿ ಜಾಹೀರಾತು ಕಂಪನಿಗಳಿಗೆ ಸ್ಟೋರಿಬೋರ್ಡ್, ಅಂದರೆ ಜಾಹೀರಾತಿನ ದೃಶ್ಯಗಳ ಕರಡು ಚಿತ್ರ, ಬರೆದು ಹೊಟ್ಟೆ ಹೊರೆದೆ.

ದಾರಿ ಸಿಕ್ಕಿದ್ದು 1953ರ ಒಂದು ಪುಟ್ಟ ಕಥೆಯಿಂದ. ಅಮೆರಿಕದ ಇಸಿ ಕಾಮಿಕ್ಸ್ ಅನ್ನುವ ಪ್ರಕಾಶನದ ‘ಜಡ್ಜ್‌ಮೆಂಟ್ ಡೇ’. ಬರೆದದ್ದು ಆಲ್ ಫೆಲ್ಡ್‌ಸ್ಟೀನ್, ಚಿತ್ರ ಜೋ ಒರ್ಲಾಂಡೊ ಅವರದು. ಬಣ್ಣ ನೋಡಿ ಭೇದ ಮಾಡುವ ರೋಬೋಟ್‌ಗಳ ಗ್ರಹಕ್ಕೆ ಭೂಮಿಯಿಂದ ಒಬ್ಬ ತನಿಖೆಗೆ ಬರುತ್ತಾನೆ. ಕಥೆ ಪೂರ್ತಿ ಹೆಲ್ಮೆಟ್ ಹಾಕಿಕೊಂಡೇ ಇರುತ್ತಾನೆ. ಕೊನೆಯ ಪ್ಯಾನೆಲ್‌ನಲ್ಲಿ ಅದನ್ನು ತೆಗೆದರೆ, ಆತ ಕಪ್ಪು ಮನುಷ್ಯ. 1956ರಲ್ಲಿ ಇದನ್ನೇ ಮರುಮುದ್ರಿಸಲು ಹೊರಟಾಗ ಕಾಮಿಕ್ಸ್ ಕೋಡ್‌ನವರು, ಅಂದರೆ ಕಾಮಿಕ್ಸಿಗೆ ಸೆನ್ಸಾರ್ ಮಾಡುತ್ತಿದ್ದವರು, ತಕರಾರು ತೆಗೆದರು. ಅವರ ತಕರಾರು ಆ ಮುಖದ ಬಗ್ಗೆಯೇ. ಪ್ರಕಾಶಕ ಗೇನ್ಸ್ ಬಗ್ಗಲಿಲ್ಲ, ಹಾಗೇ ಅಚ್ಚು ಹಾಕಿಸಿದರು. ನಾನು ಎತ್ತಿಕೊಂಡದ್ದು ಒಂದೇ ಅಂಶ: ಕಥೆಯ ಮುಖ್ಯ ವಿಷಯವನ್ನೇ ಕೊನೆವರೆಗೆ ಚಿತ್ರದಿಂದ ಹೊರಗಿಡಬಹುದು.

ಹಾಗಾಗಿ ಬಾಟಲಿ ತೆಗೆದೆ. ಹೊಡೆತ ತೆಗೆದೆ. ಅಪ್ಪನ ಮುಖವನ್ನೂ ತೆಗೆದೆ, ಮೊಣಕಾಲಿನ ಕೆಳಗೆ ಮಾತ್ರ ಕಾಣುತ್ತಾನೆ. ಮೇಷ್ಟ್ರ ಅದೇ ಕೋಣೆ, ಅದೇ ಕೋನ, ಅದೇ ನಾಲ್ಕು ಪ್ಯಾನೆಲ್. ಪುಟ ಹೋದಂತೆ ಕೋಣೆಯ ಸಾಮಾನು ಒಂದೊಂದೇ ಮಾಯವಾಗುತ್ತದೆ. ರೇಡಿಯೋ ಇಲ್ಲ, ಗಡಿಯಾರ ಇಲ್ಲ, ಪಂಪು ಇಲ್ಲ. ಮಾರಿದ್ದು ಯಾರು, ಯಾಕೆ ಅಂತ ಎಲ್ಲೂ ಬರೆದಿಲ್ಲ.

ಡಮ್ಮಿ, ಅಂದರೆ ಪುಸ್ತಕದ ಮಾದರಿ ಪ್ರತಿ, ಮಾಡಿ ಇಪ್ಪತ್ತು ಮಂದಿಗೆ ಕೊಟ್ಟೆ ಅನ್ನಿ. ಮೂರೋ ನಾಲ್ಕೋ ಜನ ಬಿಟ್ಟರೆ ಯಾರೂ ಗಮನಿಸಲಿಲ್ಲ! ಗೆಳೆಯರು "ಹೇಳಿರಲಿಲ್ವಾ?" ಅಂದರು. ಗಮನಿಸಿದವರನ್ನು ಕೂರಿಸಿ ಯಾವ ವಸ್ತು ಹೋದದ್ದು ಗೊತ್ತಾಯಿತು ಅಂತ ಕೇಳಿದೆ. ಎಲ್ಲರೂ ಹೇಳಿದ್ದು ಸ್ಟೂಲು. ಯಾಕೆಂದರೆ ಐದನೆಯ ಪುಟದಲ್ಲಿ ಮುಳ್ಳುಹಂದಿ ಅದರಿಂದ ಬೀಳುವ ಜೋಕಿತ್ತು. ಗಡಿಯಾರದ ಮೇಲೆ ಜೋಕಿರಲಿಲ್ಲ, ಅದು ಹೋದದ್ದು ಯಾರಿಗೂ ಕಾಣಲಿಲ್ಲ.

ಇಡೀ ಪುಸ್ತಕ ನಿಂತಿರುವುದು ಇದರ ಮೇಲೆ. ಯಾವ ವಸ್ತು ನಗಿಸಿದೆಯೋ ಅದು ಹೋದರೆ ಮಾತ್ರ ಓದುಗರಿಗೆ ತಟ್ಟುತ್ತದೆ. ಮೊದಲ ಮೂವತ್ತು ಚಿಲ್ಲರೆ ಪುಟ ಪೂರ್ತಿ ತಮಾಷೆ ಮಾಡಿದೆ. ಅದರಲ್ಲಿ ಅರ್ಧದಷ್ಟು ಮೇಷ್ಟ್ರ ಹಳೆಯ ಜೋಕುಗಳೇ, ಅವರ ಹಾಳೆಗಳಿಂದಲೇ ತೆಗೆದದ್ದು. ಹಳೆ ಓದುಗರಿಗೆ ಆ ಕೊಡೆ, ಆ ಪಂಪು ಚೆನ್ನಾಗಿ ನೆನಪಿದೆ. ಆಮೇಲೆ ಒಂದೊಂದಾಗಿ ಮಾರಿಬಿಟ್ಟೆ. ಮುಳ್ಳುಹಂದಿ ಮಾತ್ರ ಖಾಲಿ ಜಾಗದಲ್ಲೂ ಇಲ್ಲದ ಸ್ಟೂಲು ಹತ್ತಲು ಹೋಗಿ ಬೀಳುತ್ತದೆ. ಮೇಷ್ಟ್ರ ಜೋಕು ಹಾಗೇ ಇದೆ, ಸ್ಟೂಲು ಮಾತ್ರ ಇಲ್ಲ. ಆ ಪುಟ ನನಗೆ ಬಹಳ ಇಷ್ಟ, ಹೊಗಳಿಕೊಂಡೆ ಅಂದುಕೊಂಡರೂ ಪರವಾಗಿಲ್ಲ.

ಗುಂಡುಗುಂಡು ಮಕ್ಕಳ ಚಿತ್ರದಲ್ಲಿ ಇಷ್ಟು ಭಾರದ ವಿಷಯ ಹೇಳಬಹುದಾ ಅಂತ ಕೇಳುವವರು ಜಪಾನಿನ ಕಾಮಿಕ್ಸ್ ಕಲಾವಿದ ನಕಜಾವಾ ಅವರನ್ನು ನೋಡಿ. ಹಿರೋಷಿಮಾ ಬಾಂಬಿನಲ್ಲಿ ಆರು ವರ್ಷಕ್ಕೇ ಅಪ್ಪ, ಅಕ್ಕ, ತಮ್ಮನನ್ನು ಕಳೆದುಕೊಂಡವರು. 1973ರಲ್ಲಿ ಆ ಕಥೆ ಶುರು ಮಾಡಿದ್ದು ಹುಡುಗರ ವಾರಪತ್ರಿಕೆಯಲ್ಲಿ, ಹುಡುಗರ ಕಾಮಿಕ್ಸಿನ ಶೈಲಿಯಲ್ಲೇ.

ಮಧ್ಯೆ ಅಡ್ಡದಾರಿ ಹಿಡಿದದ್ದೂ ಇದೆ. ಮಾಯವಾದ ವಸ್ತುಗಳ ಜಾಗಕ್ಕೆ ಕೆಂಪು ಸ್ಪಾಟ್ ಕಲರ್, ಅಂದರೆ ಕಪ್ಪಿನ ಜೊತೆ ಅದೊಂದೇ ಬಣ್ಣ, ಹಾಕಿ ನೋಡಿದೆ. ಖರ್ಚು ಮೂರನೆಯ ಒಂದರಷ್ಟು ಜಾಸ್ತಿ, ಮೇಲಾಗಿ ಬೆರಳಿಟ್ಟು ತೋರಿಸಿದ ಹಾಗೆ ಕಂಡಿತು. ಕೈಬಿಟ್ಟೆ. ಮಾತಿನ ಬಲೂನ್ ಪೂರ್ತಿ ತೆಗೆದೂ ನೋಡಿದೆ, ಮೇಷ್ಟ್ರ ಹುಡುಗ ಮಾತಾಡದಿದ್ದರೆ ಅವನು ಅವನೇ ಅಲ್ಲ. ಬಲೂನಿನ ಅಕ್ಷರಗಳನ್ನು ಮಾತ್ರ ಕೈಯಲ್ಲೇ ಬರೆಯುವುದನ್ನು ಉಳಿಸಿಕೊಂಡೆ. ಫಾಂಟ್ ಹಾಕಿದರೆ ನಮ್ಮ ಒತ್ತಕ್ಷರಕ್ಕೆ ಸಾಲಿನ ನಡುವೆ ಜಾಗ ಬಿಟ್ಟು ಬಿಟ್ಟು ಬಲೂನೇ ಅರ್ಧ ಪ್ಯಾನೆಲ್ ತಿನ್ನುತ್ತದೆ.

ಗೆರೆಯ ವಿಷಯದಲ್ಲಿ ಜಾಸ್ತಿ ಒದ್ದಾಡಿದೆ. ಕೆಳಗಿಂದ ಬೆಳಕು ಬರುವ ಲೈಟ್‌ಬಾಕ್ಸ್ ಮೇಲಿಟ್ಟು ಮೇಷ್ಟ್ರ ಗೆರೆ ನಕಲು ಮಾಡಿದರೆ ಸತ್ತ ಗೆರೆ ಬರುತ್ತಿತ್ತು. ಆಮೇಲೆ ಹಾಳೆ ಅಳೆದೆ. ನಾವೆಲ್ಲ ಅಚ್ಚಿನ ಅಳತೆಗಿಂತ ಒಂದೂವರೆ ಪಟ್ಟು ದೊಡ್ಡದಾಗಿ ಬರೆಯುತ್ತೇವಲ್ಲ, ಅವರು ಚಿಕ್ಕದಾಗಿ ಬರೆದು ದೊಡ್ಡದು ಮಾಡಿಸುತ್ತಿದ್ದರು! ಗೆರೆ ದಪ್ಪಗೆ, ಸ್ವಲ್ಪ ಒರಟಾಗಿ ಬರುತ್ತಿದ್ದದ್ದು ಅದಕ್ಕೆ. ಬ್ರಷ್‌ಗೆ ಅವರು ಮಾಡುತ್ತಿದ್ದ ಇನ್ನೊಂದು ಕೆಲಸವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನನಗಿನ್ನೂ ಅದರಿಂದ ಅನ್ನ ಹುಟ್ಟಬೇಕು.

ಪುಟ ಮೊದಲು 110ರ ಹತ್ತಿರ ಇತ್ತು. ಅಚ್ಚಿನಲ್ಲಿ ಹದಿನಾರು ಪುಟಕ್ಕೆ ಒಂದು ಫಾರಂ, ಆ ಲೆಕ್ಕಕ್ಕೆ ಅದು ಏಳು ಫಾರಂ ಆಗುತ್ತದೆ. ಕತ್ತರಿಸಿ 96ಕ್ಕೆ ತಂದೆ, ಆರು ಫಾರಂಗೆ ಸರಿಹೋಯಿತು, ಕಥೆಯೂ ಬಿಗಿಯಾಯಿತು. ಹೋದದ್ದೆಲ್ಲ ಅಪ್ಪ ಯಾಕೆ ಹೀಗಾದ ಅಂತ ವಿವರಿಸುವ ಪುಟಗಳು, ಒಂದನ್ನೂ ಯಾರೂ ಕೇಳಿಲ್ಲ. ಮೊದಲ ಸಲ ಆರುನೂರು ಚಿಲ್ಲರೆ ಪ್ರತಿ ನನ್ನ ದುಡ್ಡಲ್ಲೇ ಹಾಕಿಸಿದೆ. ಮೊದಲ ತಿಂಗಳು ನೂರೂ ಹೋಗಲಿಲ್ಲ. ಆಮೇಲೆ ಓದಿದವರೇ ಇನ್ನೊಬ್ಬರಿಗೆ ಹೇಳಿ, ವರ್ಷದೊಳಗೆ ಖಾಲಿಯಾಯಿತು. ಹಾಕಿದ ದುಡ್ಡು ಬಂತು, ಮನೆಯವರ ಪಾಲು ಕೊಟ್ಟೆ, ಉಳಿದದ್ದನ್ನು ಗಂಟೆ ಲೆಕ್ಕ ಹಾಕಿದರೆ ಸ್ಟೋರಿಬೋರ್ಡ್‌ಗಿಂತ ಕಡಿಮೆಯೇ. ಮುಳ್ಳುಹಂದಿ ಯಾಕಿದೆ ಅಂದಿದ್ದ ಪ್ರಕಾಶಕರೇ ಎರಡನೆಯ ಮುದ್ರಣ ಕೇಳಿಕೊಂಡು ಬಂದರು. ಮೂರನೆಯ ಒಂದರ ಷರತ್ತು ನೋಡಿ ಮುಖ ಸಣ್ಣದಾಯಿತು, ಆದರೂ ಸಹಿ ಹಾಕಿದರು.

ಒಂದು ತಾಪತ್ರಯ ಉಳಿದಿದೆ. ಅಂಗಡಿಯವರು ಚಿತ್ರ ನೋಡಿ ಇದನ್ನು ಪುಟ್ಟ ಮಕ್ಕಳ ಕಪಾಟಿನಲ್ಲಿ ಇಡುತ್ತಾರೆ. ಹಿಂಬದಿಯಲ್ಲಿ ‘14 ದಾಟಿದವರಿಗೆ’ ಅಂತ ಹಾಕಿಸಿದ್ದೇನೆ, ಅದನ್ನು ಯಾರು ನೋಡುತ್ತಾರೆ. ಮುಂದಿನ ಮುದ್ರಣಕ್ಕೆ ಮುಖಪುಟದಿಂದ ಹುಡುಗನನ್ನು ತೆಗೆದು ಬರೀ ಖಾಲಿ ಕೋಣೆ ಇಡೋಣ ಅಂತ ಪ್ರಕಾಶಕರ ವಾದ. ಮಗಳಿಗೆ ಒಪ್ಪಿಗೆಯಿಲ್ಲ, ನನಗೂ ಇಲ್ಲ, ಮಾತುಕತೆ ನಡೀತಾ ಇದೆ.