ಸ್ಯಾನ್ ಹೋಸೆಯಲ್ಲಿ ಮನೆ ಕೊಂಡ ಕನ್ನಡಿಗರಿಗೆ: ಊರಿನ ಕಾಮಗಾರಿಗೆ ಹಣ ಹೊಂದಿಸುವ ನಿಯಮಗಳು

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಮನೆ ಕೊಂಡ ಹೊಸಬರು ಮೊದಲ ಆಸ್ತಿ ತೆರಿಗೆ ಬಿಲ್ಲನ್ನು ಕಂಡಾಗ, ಮನೆಯ ನಿರ್ಧರಿತ ಮೌಲ್ಯದ ಶೇ 1ರಷ್ಟು ಮೂಲ ತೆರಿಗೆಯಲ್ಲದೆ ಬೇರೆ ಹಲವು ಸಾಲುಗಳೂ ಅಲ್ಲಿರುವುದನ್ನು ಗಮನಿಸುತ್ತಾರೆ. ಹೆಚ್ಚಿನವರು ಡಿಸೆಂಬರ್ 10 ಮತ್ತು ಏಪ್ರಿಲ್ 10ರ ಗಡುವಿನೊಳಗೆ ಎರಡು ಕಂತು ಕಟ್ಟಿ ಸುಮ್ಮನಾಗುತ್ತಾರೆ. ಆದರೆ ಪ್ರತಿ ಸಾಲಿನ ಹಿಂದೆಯೂ ಯಾರದೋ ಒಪ್ಪಿಗೆ ಇರುತ್ತದೆ, ಕೆಲವು ಕಡೆ ಆ ಒಪ್ಪಿಗೆಯನ್ನು ನಮ್ಮಿಂದಲೇ ಕೇಳಲಾಗುತ್ತದೆ.

ಕರ್ನಾಟಕದ ನಗರಪಾಲಿಕೆಗಳು ರಾಜ್ಯ ಶಾಸನಸಭೆ ಮಾಡಿದ ಕಾಯ್ದೆಯಂತೆ ನಡೆಯುತ್ತವೆ. ಸ್ಯಾನ್ ಹೋಸೆಗೆ ಮತದಾರರು ಒಪ್ಪಿದ ತನ್ನದೇ ಸಿಟಿ ಚಾರ್ಟರ್ (ನಗರಾಡಳಿತದ ಮೂಲ ನಿಯಮಾವಳಿ) ಇದ್ದು, ಅದನ್ನು ತಿದ್ದಬೇಕಾದರೆ ಮತ್ತೆ ಮತದಾರರ ಮುಂದೆಯೇ ಹೋಗಬೇಕು. ಸಾಂತಾ ಕ್ಲಾರಾ, ಸನ್ನಿವೇಲ್‌ಗಳಿಗೂ ಚಾರ್ಟರ್ ಇದೆ. ಕ್ಯೂಪರ್ಟಿನೊ, ಫ್ರೀಮಾಂಟ್‌ಗಳು ರಾಜ್ಯದ ಸಾಮಾನ್ಯ ಕಾನೂನಿನಡಿ ನಡೆಯುತ್ತವೆ. ಆದ್ದರಿಂದ ಪಕ್ಕದ ಊರಿನ ಸ್ನೇಹಿತರು ಹೇಳಿದ ನಿಯಮವೇ ನಮ್ಮೂರಿಗೂ ಅನ್ವಯಿಸುತ್ತದೆಂದು ತಿಳಿಯಬಾರದು.

ಆಸ್ತಿ ತೆರಿಗೆಯಿಂದ ತೀರಿಸುವ ಬಾಂಡ್ ಸಾಲವು ನಗರದ ಒಟ್ಟು ಆಸ್ತಿಯ ನಿರ್ಧರಿತ ಮೌಲ್ಯದ ಶೇ 15ನ್ನು ಮೀರಬಾರದೆಂದು ಸ್ಯಾನ್ ಹೋಸೆಯ ಚಾರ್ಟರ್ ಹೇಳುತ್ತದೆ. ಈ ಮಿತಿಯೊಳಗಿನ ಸಾಲಕ್ಕೂ ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಬೇಕೆಂಬುದು ರಾಜ್ಯ ಸಂವಿಧಾನದ ಷರತ್ತು; ಅದನ್ನು ಚಾರ್ಟರ್ ಸಡಿಲಿಸಲಾರದು. ರಸ್ತೆ, ಅಗ್ನಿಶಾಮಕ ಠಾಣೆ, ಪ್ರವಾಹ ತಡೆ ಮುಂತಾದ ಕೆಲಸಗಳಿಗಾಗಿ 2018ರಲ್ಲಿ ತಂದ 65 ಕೋಟಿ ಡಾಲರಿನ ‘ಮೆಷರ್ ಟಿ’ ಎಂಬ ಬಾಂಡ್ ಪ್ರಸ್ತಾವ ಹೀಗೆಯೇ ಗೆದ್ದಿತು. ಇಂಥ ಚುನಾವಣೆಯಲ್ಲಿ ಪೌರತ್ವವಿಲ್ಲದವರಿಗೆ ಮತವಿಲ್ಲ.

ಅಸೆಸ್‌ಮೆಂಟ್ ಎಂಬ ವಂತಿಗೆಯ ಕ್ರಮ ಮಾತ್ರ ಬೇರೆ. ಎಚ್-1ಬಿ ವೀಸಾದ ಮೇಲಿರುವವರು ಇದನ್ನು ವಿಶೇಷವಾಗಿ ತಿಳಿದಿರಬೇಕು. ಒಂದು ಬಡಾವಣೆಯ ಬೀದಿದೀಪಕ್ಕೋ ಗಿಡಮರಗಳ ನಿರ್ವಹಣೆಗೋ ಅಲ್ಲಿನ ನಿವೇಶನಗಳ ಮೇಲೆ ವಂತಿಗೆ ಹಾಕುವುದಾದರೆ, ರಾಜ್ಯದ ಮತದಾರರು 1996ರಲ್ಲಿ ಒಪ್ಪಿದ ಸಂವಿಧಾನ ತಿದ್ದುಪಡಿಯಾದ ಪ್ರೊಪೊಸಿಷನ್ 218ರ ಪ್ರಕಾರ ದಾಖಲೆಯಲ್ಲಿರುವ ಮಾಲೀಕರಿಗೆ ಅಂಚೆಯಲ್ಲಿ ಮತಪತ್ರ ಕಳುಹಿಸಬೇಕು. ಇಲ್ಲಿ ಪರಿಗಣಿಸುವುದು ಮಾಲೀಕತ್ವವನ್ನು, ಪೌರತ್ವವನ್ನಲ್ಲ. ಲಕೋಟೆಯ ಮೇಲೆ ‘ಅಫಿಶಿಯಲ್ ಬ್ಯಾಲೆಟ್ ಎನ್‌ಕ್ಲೋಸ್ಡ್’ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಜಾಹೀರಾತುಗಳ ಕಟ್ಟಿನೊಡನೆ ಅದನ್ನು ಕಸಕ್ಕೆ ಹಾಕಬೇಡಿ. ಒಟ್ಟು ವಸೂಲಿ ಎಷ್ಟು, ನಿಮ್ಮ ಪಾಲೆಷ್ಟು, ಎಷ್ಟು ವರ್ಷ, ಯಾವ ಲೆಕ್ಕದ ಮೇಲೆ, ಸಾರ್ವಜನಿಕ ವಿಚಾರಣೆ ಎಂದು, ಎಲ್ಲಿ ಎಂಬುದೆಲ್ಲ ಒಳಗಿನ ನೋಟಿಸಿನಲ್ಲಿರುತ್ತದೆ. ವಿಚಾರಣೆಗೆ ಕನಿಷ್ಠ 45 ದಿನ ಮೊದಲೇ ಅದನ್ನು ಅಂಚೆಗೆ ಹಾಕಿರಬೇಕು. ನಿಮ್ಮ ಪಾಲಿನ ಮೊತ್ತ ಎಷ್ಟೋ ನಿಮ್ಮ ಮತದ ತೂಕವೂ ಅಷ್ಟೇ, ಮತ್ತು ಮರಳಿ ಬಂದ ಮತಗಳನ್ನಷ್ಟೇ ಎಣಿಸುತ್ತಾರೆ. ಮನೆಗಳಿಗೆ ಸಿಗುವ ವಿಶೇಷ ಪ್ರಯೋಜನದ ಮಟ್ಟಿಗೆ ಮಾತ್ರ ವಂತಿಗೆ ಹಾಕಬಹುದಾದ್ದರಿಂದ, ಊರಿಗೆಲ್ಲ ಸಿಗುವ ಪ್ರಯೋಜನದ ವೆಚ್ಚವನ್ನೂ ನಿಮ್ಮ ಬೀದಿಯ ಮೇಲೆ ಹೊರಿಸಲಾಗಿದೆಯೇ ಎಂದು, ವಂತಿಗೆಯ ಲೆಕ್ಕವನ್ನು ವಿವರಿಸುವ ಎಂಜಿನಿಯರ್ ವರದಿಯನ್ನು ತರಿಸಿಕೊಂಡು ನೋಡುವುದು ಒಳ್ಳೆಯದು.

ಒಳಚರಂಡಿ, ಕಸ ವಿಲೇವಾರಿಯ ದರ ಏರಿಕೆಗೆ ಮತಪತ್ರವಿಲ್ಲ. ಅರ್ಧಕ್ಕಿಂತ ಹೆಚ್ಚು ನಿವೇಶನಗಳಿಂದ ಲಿಖಿತ ಆಕ್ಷೇಪಣೆ ಬಂದರಷ್ಟೇ ಅದು ನಿಲ್ಲುತ್ತದೆ. ಸುಮ್ಮನಿದ್ದವರು ಒಪ್ಪಿದಂತೆಯೇ ಲೆಕ್ಕ.

ಹೊಸ ಬಡಾವಣೆಗಳಲ್ಲಿ ಅಲ್ಲಿನ ಸೌಕರ್ಯಗಳ ವೆಚ್ಚಕ್ಕಾಗಿ 1982ರ ಮೆಲ್ಲೊ-ರೂಸ್ ಕಾಯ್ದೆಯಡಿ ಹಾಕುವ ವಿಶೇಷ ತೆರಿಗೆ ಇರಬಹುದು. ಆ ಜಾಗದಲ್ಲಿ 12ಕ್ಕಿಂತ ಕಡಿಮೆ ನೋಂದಾಯಿತ ಮತದಾರರಿದ್ದರೆ ಭೂಮಾಲೀಕರೇ ಮತ ಹಾಕುವುದರಿಂದ, ನೀವು ಮನೆ ನೋಡಲು ಹೋಗುವ ಹೊತ್ತಿಗೆ ಬಿಲ್ಡರ್ ಅದನ್ನು ಒಪ್ಪಿ ಮುಗಿಸಿರುತ್ತಾನೆ. ಮನೆ ಮಾರುವವರು ಕೊಡುವ ವಿಶೇಷ ತೆರಿಗೆಯ ನೋಟಿಸಿನಲ್ಲಿ ಅದು ಎಷ್ಟು ವರ್ಷ ಉಳಿಯುತ್ತದೆ, ವರ್ಷಕ್ಕೆ ಎಷ್ಟು ಏರುತ್ತದೆ ಎಂಬುದನ್ನು ಸಹಿಗೆ ಮೊದಲೇ ಓದಿ.

ಇನ್ನು ಮನೆ ಮುಂದಿನ ಕಾಲುದಾರಿಯ ದುರಸ್ತಿ ಮನೆಯ ಮಾಲೀಕರದ್ದೇ ಹೊಣೆ. ಬೀದಿಯ ಉಳಿದ ಕೆಲಸಗಳಿಗೆ ಬೇಡಿಕೆಯಿದ್ದರೆ ನಿಮ್ಮ ಕ್ಷೇತ್ರದ ಕೌನ್ಸಿಲ್ ಸದಸ್ಯರ ಕಚೇರಿಗೆ ಚಳಿಗಾಲದಲ್ಲೇ ಬರೆಯಿರಿ. ನಗರದ ಹಣಕಾಸು ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ, ಜೂನ್‌ನಲ್ಲಿ ಬಜೆಟ್ ಅಂಗೀಕಾರವಾದ ಮೇಲೆ ಹೊಸ ಕೆಲಸ ಸೇರಿಸುವುದು ಕಷ್ಟ. ಬಜೆಟ್ ವಿಚಾರಣೆಯಲ್ಲಿ ಮಾತನಾಡಲು ಪೌರತ್ವ ಬೇಕಿಲ್ಲ, ಸ್ವಂತ ಮನೆಯೂ ಬೇಕಿಲ್ಲ.