ಸೀನಿನ ಕಾಟಕ್ಕೆ ಉಪ್ಪುನೀರು, ಸ್ಪ್ರೇ, ಬಚ್ಚಲ ಹಂಡೆ

ಮಳೆ ಹಿಂದೆ ಸರಿದು ಅಡಿಕೆ ಕೊಯ್ಲು ಶುರುವಾಯಿತು ಅಂದರೆ ಮಲೆನಾಡಿನ ಬಹಳ ಮನೆಗಳಲ್ಲಿ ಬೆಳಗಾಗುವುದೇ ಸೀನಿನಿಂದ. ಎದ್ದವರು ಮುಖ ತೊಳೆಯುವ ಮೊದಲೇ ಹತ್ತು ಹನ್ನೆರಡು ಸೀನು, ನಲ್ಲಿ ಬಿಟ್ಟ ಹಾಗೆ ಸೋರುವ ಮೂಗು, ಕೆಂಪು ಕಣ್ಣು, ಅಂಗುಳಲ್ಲಿ ತುರಿಕೆ. ಈಗಿನ ಮಕ್ಕಳು ಇದಕ್ಕೆ ಮಾಡಿಕೊಳ್ಳುವ ಉಪಚಾರ ನೋಡಿದರೆ ಸಿಟ್ಟು ಬರುತ್ತದೆ ಮಾರಾಯ್ರೆ. ಮೆಡಿಕಲ್ ಶಾಪಿನಲ್ಲಿ ನಿಂತು "ಶೀತಕ್ಕೆ ಒಂದು ಕೊಡಿ" ಅನ್ನುವುದು, ಅವರು ಕೊಟ್ಟ ಆ್ಯಂಟಿಬಯೋಟಿಕ್ಕನ್ನು ಎರಡು ದಿನ ನುಂಗಿ ಬಿಡುವುದು, ಆಮೇಲೆ ಆನ್‌ಲೈನಿನಲ್ಲಿ ಸಾವಿರಾರು ರೂಪಾಯಿಯ ಗಾಳಿ ಶುದ್ಧ ಮಾಡುವ ಯಂತ್ರ ತರಿಸಿ, ಮೂರು ವರ್ಷದಿಂದ ಬಿಸಿಲು ಕಾಣದ ದಿಂಬಿನ ಪಕ್ಕದಲ್ಲೇ ಇಡುವುದು. ಅಲರ್ಜಿಗೂ ಆ್ಯಂಟಿಬಯೋಟಿಕ್ಕಿಗೂ ಎಂತ ಸಂಬಂಧ? ಇದರಲ್ಲಿ ಸಾಯಿಸಬೇಕಾದ ಬ್ಯಾಕ್ಟೀರಿಯವೇ ಇಲ್ಲ.

ಈ ಸೀನಿನ ಅಲರ್ಜಿಗೆ ಹೇ ಫೀವರ್, ಅಂದರೆ ಒಣಹುಲ್ಲಿನ ಜ್ವರ, ಅನ್ನುವುದು ಇಂಗ್ಲಿಷಿನವರು ಇಟ್ಟ ಹೆಸರು. ಅದಕ್ಕೆ ಹುಲ್ಲೇ ಬೇಕೆಂದಿಲ್ಲ, ಜ್ವರವಂತೂ ಇರುವುದೇ ಇಲ್ಲ. ಡಾಕ್ಟರು ಚೀಟಿಯಲ್ಲಿ ಅಲರ್ಜಿಕ್ ರೈನೈಟಿಸ್ ಅಂತ ಬರೆಯುತ್ತಾರೆ. ಜ್ವರ ಇರುವುದಿಲ್ಲ ಅನ್ನುವುದನ್ನು ನಮ್ಮ ಕಡೆಯವರು ಉಳಿದವರಿಗಿಂತ ಗಟ್ಟಿಯಾಗಿ ನೆನಪಿಡಬೇಕು. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ, ಅಂದರೆ ಕಾಡಿನ ಉಣ್ಣೆ ಕಚ್ಚಿ ಬರುವ ಜ್ವರ, ಹೆಚ್ಚಾಗುವುದೂ ಡಿಸೆಂಬರಿನಿಂದ ಮೇ ತನಕ, ದರಗು (ಒಣ ಎಲೆ) ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವ ಇದೇ ದಿನಗಳಲ್ಲಿ. ಮೈ ಕಾದು ತಲೆ ಸಿಡಿಯುತ್ತಿದ್ದರೆ, ಮೈಕೈ ಮುರಿದ ಹಾಗೆ ನೋಯುತ್ತಿದ್ದರೆ ಅದು ಸೀನಿನ ಅಲರ್ಜಿಯಲ್ಲ. ಈ ಬರಹ ಓದುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ ರಕ್ತ ಕೊಡಿ. ಮಾಮೂಲಿ ನೆಗಡಿಗೂ ಇದಕ್ಕೂ ಇರುವ ವ್ಯತ್ಯಾಸ ತುರಿಕೆಯಲ್ಲಿದೆ. ನೆಗಡಿ ಹತ್ತು ದಿನದೊಳಗೆ ಗಟ್ಟಿ ಸಿಂಬಳವಾಗಿ ಹೋಗುತ್ತದೆ. ಇದು ನೀರು ನೀರಾಗಿಯೇ ಇದ್ದು, ಮೂಗು ಕಣ್ಣು ತುರಿಸುತ್ತಾ, ವಾರಗಟ್ಟಲೆ ಕೂರುತ್ತದೆ.

ನಮ್ಮಲ್ಲಿ ಇದನ್ನು ಕೆಣಕುವ ವಸ್ತುಗಳಿಗೆ ಬರವಿಲ್ಲ. ಮಳೆಗಾಲದಲ್ಲಿ ಗೋಡೆಗೆ, ಚಪ್ಪಲಿಗೆ, ಬೀರುವಿನ ಬಟ್ಟೆಗೆ ಹಿಡಿಯುವ ಬೂಷ್ಟು. ಅದೇ ತೇವಕ್ಕೆ ಹಾಸಿಗೆಯಲ್ಲಿ ಹೆಚ್ಚುವ, ಕಣ್ಣಿಗೆ ಕಾಣದ ಧೂಳಿನ ಹುಳ. ಮಳೆ ಹೋದ ಮೇಲೆ ಚಾಲಿ, ಅಂದರೆ ಒಣಗಿಸಿದ, ಅಡಿಕೆ ಸುಲಿಯುವಾಗ ಏಳುವ ಸಿಪ್ಪೆಯ ಧೂಳು, ಒಕ್ಕಲಿನ ಹೊಟ್ಟು, ಬಣವೆಯ ತಳದ ಮುಗ್ಗಲು ಹುಲ್ಲು, ಹುಲ್ಲುಗಾವಲಿನ ಪರಾಗ, ರಸ್ತೆಬದಿಯ ಕಾಂಗ್ರೆಸ್ ಗಿಡ, ನೆಡುತೋಪಿನ ಅಕೇಶಿಯಾದ ಹಳದಿ ಹೂ. ದಾಸವಾಳವನ್ನು ಬೈಯಬೇಡಿ, ಅದರ ಪರಾಗ ದಪ್ಪ, ಗಾಳಿಯಲ್ಲಿ ಹಾರುವುದಿಲ್ಲ. ವರ್ಷವಿಡೀ ಬೆಳಿಗ್ಗೆ ಹಾಸಿಗೆಯಲ್ಲೇ ಸೀನು ಬರುತ್ತಿದ್ದರೆ ಹಾಸಿಗೆಯ ಹುಳದ ಮೇಲೆ ಅನುಮಾನ ಪಡಿ. ಅಂಗಳಕ್ಕೆ ಇಳಿದಾಗ ಮಾತ್ರ ಬಂದರೆ ಪರಾಗ, ಅಟ್ಟ ಹತ್ತಿದಾಗ ಬಂದರೆ ಬೂಷ್ಟು. ರಕ್ತಪರೀಕ್ಷೆಗೆ ದುಡ್ಡು ಸುರಿಯುವ ಮೊದಲು ಎರಡು ವಾರ ಕ್ಯಾಲೆಂಡರಿನ ಮೇಲೆ ಗುರುತು ಹಾಕಿ ನೋಡಿ.

ಈಗ ಉಪ್ಪುನೀರು. ಮೂಗು ತೊಳೆಯುವುದಕ್ಕಿಂತ ಅಗ್ಗದ ಉಪಚಾರ ಇನ್ನೊಂದಿಲ್ಲ, ಇದನ್ನು ಕೆಡಿಸಿದಷ್ಟು ಬೇರೆ ಯಾವುದನ್ನೂ ಜನ ಕೆಡಿಸುವುದೂ ಇಲ್ಲ. ಮೊದಲು ನೀರು. ಗುಡ್ಡದಿಂದ ಇಳಿದು ಬರುವ ಅಬ್ಬಿ ನೀರು ಎಷ್ಟೇ ಸಿಹಿಯಾಗಿರಲಿ, ಬಾವಿ ನೀರು ತಳ ಕಾಣುವಷ್ಟು ತಿಳಿಯಾಗಿರಲಿ, ಹಸಿಯಾಗಿ ಮೂಗಿಗೆ ಬಿಡಕೂಡದು. ಕುಡಿದರೆ ಏನೂ ಮಾಡದ ನೇಗ್ಲೇರಿಯಾ ಅನ್ನುವ ಅಮೀಬಾ ಮೂಗಿನ ಮೇಲ್ಭಾಗದಿಂದ ಮಿದುಳಿಗೆ ಹತ್ತುತ್ತದೆ. ಕೇರಳದಲ್ಲಿ ಈ ಸೋಂಕಿನಿಂದ ಜನ ಸತ್ತಿದ್ದಾರೆ. ಇದು ತೀರಾ ಅಪರೂಪ, ಆದರೆ ಬಂದರೆ ಉಳಿಯುವವರು ಕಡಿಮೆ. ಫಿಲ್ಟರ್ ನೀರು ಅಂತ ವಾದ ಮಾಡಬೇಡಿ, ಅದನ್ನೂ ಕುದಿಸಿ. ತಳದಲ್ಲಿ ಗುಳ್ಳೆ ಎದ್ದ ಕೂಡಲೇ ಇಳಿಸುವುದಲ್ಲ, ಕೊತಕೊತ ಅನ್ನಲು ಶುರುವಾದ ಮೇಲೆ ಒಂದು ನಿಮಿಷ ಪೂರ್ತಿ ಕುದಿಯಬೇಕು.

ಉಪ್ಪು ಹಾಕುವುದು ನೀರು ಕುದಿಯುತ್ತಿರುವಾಗಲೇ, ಆರಿದ ಮೇಲಲ್ಲ. ಕಲ್ಲುಪ್ಪಾದರೆ ಅದರ ಮಣ್ಣು ಕಸ ತಳಕ್ಕೆ ಕೂರುತ್ತದೆ, ಉಪ್ಪಿನ ಜೊತೆ ಬಂದದ್ದೂ ಬೇಯುತ್ತದೆ. ಅಯೋಡಿನ್ ಇಲ್ಲದ ಕಲ್ಲುಪ್ಪೋ ಸೈಂಧವ ಲವಣವೋ ಒಳ್ಳೆಯದು. ಪುಡಿ ಉಪ್ಪಿಗೆ ಗಂಟು ಕಟ್ಟದಿರಲಿ ಅಂತ ಬೆರೆಸುವ ವಸ್ತು ಕೆಲವರ ಮೂಗಿಗೆ ಆಗುವುದಿಲ್ಲ. ಪ್ರಮಾಣ ಕೇಳುತ್ತೀರಲ್ಲ: ಕಾಲು ಲೀಟರ್ ನೀರಿಗೆ, ಅಂದರೆ ದೊಡ್ಡ ಲೋಟ ಒಂದಕ್ಕೆ, ಟೀ ಚಮಚದಲ್ಲಿ ಅರ್ಧಕ್ಕೆ ಚೂರು ಕಡಿಮೆ ನುಣ್ಣಗಿನ ಉಪ್ಪು. ಕಲ್ಲುಪ್ಪು ಚಮಚದಲ್ಲಿ ಸಂದು ಬಿಟ್ಟು ಕೂರುತ್ತದೆ, ಆದ್ದರಿಂದ ಕುಟ್ಟಿಯೇ ಅಳೆಯಿರಿ. ಒಂದು ಸಣ್ಣ ಚಿಟಿಕೆ ಅಡಿಗೆ ಸೋಡಾ ಹಾಕಿದರೆ ಉರಿ ಕಡಿಮೆ. ಅಡಿಗೆ ಸೋಡಾ ಅಂದೆ, ಕೇಕಿಗೆ ಹಾಕುವ ಬೇಕಿಂಗ್ ಪೌಡರ್ ಅಲ್ಲ, ಬಟ್ಟೆ ತೊಳೆಯುವ ಸೋಡಾ ಮೊದಲೇ ಅಲ್ಲ. ಸರಿಯಾಯಿತೋ ಇಲ್ಲವೋ ನಾಲಗೆ ಹೇಳುತ್ತದೆ. ನೀರು ಕಣ್ಣೀರಿನಷ್ಟು ಉಪ್ಪಾಗಿರಬೇಕು. ಕಣ್ಣೀರು ತುಟಿಗೆ ಇಳಿದಾಗಿನ ರುಚಿ ಯಾರಿಗೆ ಗೊತ್ತಿಲ್ಲ? ಅಷ್ಟೇ, ಉಪ್ಪಿನಕಾಯಿಯ ನೀರಿನಷ್ಟಲ್ಲ.

ಇಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ. ಮೂಗು ಉರಿದರೆ "ಉಪ್ಪು ಜಾಸ್ತಿಯಾಯಿತು" ಅಂತ ಮಾರನೇ ದಿನ ಕಡಿಮೆ ಹಾಕುತ್ತಾರೆ, ಮತ್ತಷ್ಟು ಉರಿಯುತ್ತದೆ. ಸಪ್ಪೆ ನೀರೂ ಉರಿಯುತ್ತದೆ ಕಣ್ರೀ! ಈಜುವಾಗ ಹೊಳೆ ನೀರು ಮೂಗಿಗೆ ನುಗ್ಗಿದರೆ ನೆತ್ತಿಗೆ ಹತ್ತುವುದು ಅದರಲ್ಲಿ ಉಪ್ಪಿಲ್ಲದ್ದರಿಂದಲೇ. ರಕ್ತದಲ್ಲಿರುವಷ್ಟೇ ಉಪ್ಪು, ನೂರಕ್ಕೆ 0.9 ಪಾಲು, ಇದ್ದರೆ ನೀರು ಹೋದದ್ದೂ ಗೊತ್ತಾಗುವುದಿಲ್ಲ. ಹಾಗಾಗಿ ಉರಿದ ದಿನ ಮೊದಲು ರುಚಿ ನೋಡಿ, ಆಮೇಲೆ ಏರಿಸುವುದೋ ಇಳಿಸುವುದೋ ತೀರ್ಮಾನ ಮಾಡಿ.

ಇಳಿಸಿದ ಪಾತ್ರೆಗೆ ಮುಚ್ಚಳ ಮುಚ್ಚಿ ಆರಲು ಬಿಡಿ. ತಣ್ಣೀರು ಬೆರೆಸಿ ಆರಿಸಿದರೆ ಕುದಿಸಿದ್ದು ದಂಡ. ಮೊಣಕೈ ಒಳಬದಿಗೆ ಹನಿ ಬಿಟ್ಟುಕೊಂಡರೆ ಬಿಸಿಯೂ ಅನಿಸಬಾರದು, ತಂಪೂ ಅನಿಸಬಾರದು, ಬಾಣಂತಿ ಮನೆಯಲ್ಲಿ ಕೂಸಿನ ಮೀಯುವ ನೀರು ನೋಡುವ ಹಾಗೆ. ಮೇಲಿನ ತಿಳಿಯನ್ನು ಕುದಿಸಿ ಒಣಗಿಸಿದ ತೆಳು ಬಟ್ಟೆಯಲ್ಲಿ ಸೋಸಿ, ಮೂಗು ತೊಳೆಯಲೆಂದೇ ಇರುವ ಗಿಂಡಿಯಂಥ ನೇತಿ ಪಾತ್ರೆಗೆ ತುಂಬಿ. ಬಚ್ಚಲಲ್ಲಿ ಮುಂದಕ್ಕೆ ಬಾಗಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಬಾಯಿ ತೆರೆದು ಬಾಯಲ್ಲೇ ಉಸಿರಾಡುತ್ತಾ ಮೇಲಿನ ಹೊಳ್ಳೆಗೆ ಸುರಿಯಿರಿ, ಕೆಳಗಿನದರಿಂದ ಇಳಿಯುತ್ತದೆ. ಗಂಟಲಿಗೆ ಬಂದರೆ ತಲೆ ಹಿಂದಕ್ಕೆ ಹೋಗಿದೆ ಅಂತ ಅರ್ಥ, ಇನ್ನಷ್ಟು ಬಗ್ಗಿ. ಅರ್ಧ ಆದ ಮೇಲೆ ಬದಿ ಬದಲಿಸಿ. ಮುಗಿದ ಮೇಲೆ ಎರಡೂ ಹೊಳ್ಳೆ ಬಿಟ್ಟುಕೊಂಡೇ ಮೆಲ್ಲಗೆ ಮೂಗು ಸೀಟಿ. ಒಂದನ್ನು ಒತ್ತಿ ಜೋರಾಗಿ ಸೀಟಿದರೆ ನೀರು ಕಿವಿಗೆ ತಳ್ಳುತ್ತದೆ, ಆಮೇಲೆ ಕಿವಿನೋವು ಅಂತ ಕೂರುತ್ತೀರಿ. ಬಗ್ಗಿಕೊಂಡೇ ತಲೆಯನ್ನು ಅತ್ತ ಇತ್ತ ತಿರುಗಿಸಿ ಉಳಿದದ್ದನ್ನು ಬಸಿಯಿರಿ, ಕೂಡಲೇ ಮಲಗಬೇಡಿ. ಮೂಗು ಪೂರ್ತಿ ಕಟ್ಟಿದಾಗ, ಕಿವಿ ಸೋರುತ್ತಿರುವಾಗ ಇದು ಬೇಡ. ಪಾತ್ರೆ ಒಬ್ಬರಿಗೊಂದು, ಬಿಸಿನೀರಲ್ಲಿ ತೊಳೆದು ಬೋರಲು ಹಾಕಿ ಒಣಗಿಸಬೇಕು. ಉಳಿದ ನೀರನ್ನು ಮರುದಿನಕ್ಕೆ ಇಡಬೇಡಿ, ಐವತ್ತು ಪೈಸೆಯ ಉಪ್ಪು ಉಳಿಸಿ ಯಾರೂ ತೋಟ ಕೊಂಡಿಲ್ಲ. ಅಡಿಕೆ ಸುಲಿದು ಬಂದ ಸಂಜೆ, ಕೊಟ್ಟಿಗೆ ಗುಡಿಸಿದ ದಿನ ತಪ್ಪದೆ ಮಾಡಿ.

ಮಾತ್ರೆಯ ವಿಷಯ ಬೇಗ ಹೇಳುತ್ತೇನೆ. ದೊಡ್ಡವರಿಗೆ ಸೆಟಿರಿಜಿನ್ ಅಥವಾ ಲೊರಾಟಡಿನ್ 10 ಮಿಲಿಗ್ರಾಂ, ದಿನಕ್ಕೆ ಒಂದೇ. ಸೆಟಿರಿಜಿನ್ ಕೆಲವರಿಗೆ ತೂಕಡಿಕೆ ತರುತ್ತದೆ, ರಾತ್ರಿ ತಗೊಳ್ಳಿ. ಬೈಕಿನಲ್ಲಿ ಘಾಟಿ ಇಳಿಯುವವರು ಫೆಕ್ಸೋಫೆನಡಿನ್ ಕೇಳಿ, ಅದನ್ನು ನೀರಿನಲ್ಲೇ ನುಂಗಬೇಕು. ಕಿತ್ತಳೆ, ಸೇಬಿನ ರಸದ ಜೊತೆ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕ್ಲೋರ್‌ಫೆನಿರಮಿನ್ ಅಗ್ಗ, ಆದರೆ ಮರುದಿನವೂ ಮಂಕು ಕವಿಸುತ್ತದೆ, ವಯಸ್ಸಾದವರಿಗೆ ಬೇಡ. ಡಾಕ್ಟರ ಹತ್ತಿರ ಬ್ರ್ಯಾಂಡಿನ ಬದಲು ಔಷಧದ ಹೆಸರು ಬರೆಸಿಕೊಂಡು ಜನೌಷಧಿ ಕೇಂದ್ರಕ್ಕೆ ಹೋಗಿ. ಅದೇ ಔಷಧ, ಬೆಲೆ ಎಷ್ಟೋ ಕಡಿಮೆ. ಮಾಂಟೆಲುಕಾಸ್ಟ್ ಬೆರೆಸಿದ ಜೋಡಿ ಮಾತ್ರೆಯನ್ನು ಕೇಳದೆಯೇ ಕೈಗಿಡುತ್ತಾರೆ. ಅದರಿಂದ ಕೆಲವರಿಗೆ ಕೆಟ್ಟ ಕನಸು, ಮನಸ್ಸು ಕುಗ್ಗುವುದು ಆಗುತ್ತದೆ, ಡಾಕ್ಟರು ಬೇಕೆಂದರೆ ಮಾತ್ರ ತಗೊಳ್ಳಿ. ಮಕ್ಕಳಿಗೆ, ಬಸುರಿಯರಿಗೆ ಪ್ರಮಾಣ ಬೇರೆ, ಕೇಳಿಯೇ ಕೊಡಿ.

ಮೂಗು ಕಟ್ಟುವುದೇ ಹೆಚ್ಚಿದ್ದವರಿಗೆ ಮಾತ್ರೆಗಿಂತ ಸ್ಟೆರಾಯ್ಡ್ ಸ್ಪ್ರೇ ವಾಸಿ: ಫ್ಲುಟಿಕಾಸೋನ್, ಮೊಮೆಟಾಸೋನ್. ಸ್ಟೆರಾಯ್ಡ್ ಅಂದ ಕೂಡಲೇ ಹೌಹಾರಬೇಡಿ. ಮೂಗಿಗಷ್ಟೇ ಬೀಳುವ ಈ ಚೂರು ಮದ್ದು ಬೇರೆ, "ವರ್ಷಕ್ಕೊಂದು ಸೂಜಿ ಸಾಕು" ಅಂತ ಸೊಂಟಕ್ಕೆ ಚುಚ್ಚುವ ಸ್ಟೆರಾಯ್ಡ್ ಬೇರೆ. ಹೆದರಬೇಕಾದದ್ದು ಸೂಜಿಗೆ. ಸ್ಪ್ರೇಯನ್ನು ಎರಡು ದಿನ ಹೊಡೆದು "ಇದು ಕೆಲಸ ಮಾಡಲ್ಲ" ಅಂತ ಎಸೆಯುವವರೇ ಜಾಸ್ತಿ. ಪೂರ್ತಿ ಹಿಡಿತಕ್ಕೆ ಬರಲು ಎರಡು ವಾರ ಬೇಕು, ದಿನಾ ಹೊಡೆಯಬೇಕು. ಬಾಟಲಿ ಅಲ್ಲಾಡಿಸಿ, ಹೊಸದಾದರೆ ಮಂಜಿನಂತೆ ಬರುವ ತನಕ ಗಾಳಿಗೆ ಒತ್ತಿ. ತಲೆ ಸ್ವಲ್ಪ ಕೆಳಗೆ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ. ಹೀಗೆ ಕೈ ಅಡ್ಡ ಹಿಡಿದರೆ ತುದಿ ತಾನಾಗಿ ಕಿವಿಯ ಕಡೆ ತಿರುಗುತ್ತದೆ. ನೇರ ನಡುಗೋಡೆಗೆ ಹೊಡೆದರೆ ಅಲ್ಲಿ ಒಣಗಿ ರಕ್ತ ಬರುತ್ತದೆ. ಹೊಡೆದ ಮೇಲೆ ನಶ್ಯ ಏರಿಸಿದ ಹಾಗೆ ಜೋರಾಗಿ ಎಳೆಯಬೇಡಿ, ಮದ್ದು ಗಂಟಲಿಗೆ ಹೋಗುತ್ತದೆ. ನಾಲಗೆಗೆ ಕಹಿ ತಗುಲಿದರೆ ಎಳೆದದ್ದು ಹೆಚ್ಚಾಯಿತು ಅಂತ ತಿಳಿಯಿರಿ. ಉಪ್ಪುನೀರು ಮೊದಲು, ಕಾಲು ಗಂಟೆ ಬಿಟ್ಟು ಸ್ಪ್ರೇ. ಹಿಂದುಮುಂದು ಮಾಡಿದರೆ ಮದ್ದನ್ನು ಬಚ್ಚಲಿಗೆ ಚೆಲ್ಲಿದ ಹಾಗೆ. ಹೊಳ್ಳೆಗೆ ಎರಡರಂತೆ ದಿನಕ್ಕೊಮ್ಮೆ ಹೊಡೆದರೆ 120 ಸಲದ ಬಾಟಲಿ ಒಂದು ತಿಂಗಳು. ಹಿಡಿತಕ್ಕೆ ಬಂದ ಮೇಲೆ ಡಾಕ್ಟರು ಒಂದೊಂದಕ್ಕೆ ಇಳಿಸುತ್ತಾರೆ, ಆಗ ಎರಡು ತಿಂಗಳು.

ಹೊಡೆದ ಎರಡೇ ನಿಮಿಷಕ್ಕೆ ಮೂಗು ಬಿಡಿಸುವ ಹನಿಗಳಿವೆಯಲ್ಲ, ಹೆಸರಿನ ಕೊನೆಗೆ "ಜೋಲಿನ್" ಅಂತ ಇರುವವು, ಅವನ್ನು ಐದು ದಿನ ದಾಟಿಸಬೇಡಿ. ಆಮೇಲೆ ಮೂಗು ಅದರಿಂದಲೇ ಕಟ್ಟಲು ಶುರುವಾಗುತ್ತದೆ, ಹನಿ ಹಾಕದಿದ್ದರೆ ಉಸಿರಿಲ್ಲ ಅನ್ನುವ ಸ್ಥಿತಿ ಬರುತ್ತದೆ. ತಲೆದಿಂಬಿನ ಕೆಳಗೆ ಆ ಬಾಟಲಿ ಇಟ್ಟುಕೊಂಡು ವರ್ಷ ಕಳೆಯುವವರಿದ್ದಾರೆ.

ಇನ್ನು ಹಾಸಿಗೆ. ಬಚ್ಚಲಲ್ಲಿ ಹಂಡೆಯ ಕೆಳಗೆ ಬೆಂಕಿ ಇರುವ ಮನೆಯವರು ಧೂಳಿನ ಹುಳಕ್ಕೆ ದುಡ್ಡು ಕೊಟ್ಟು ಸ್ಪ್ರೇ ತರುತ್ತಾರೆ! ಹೊದಿಕೆ, ದಿಂಬಿನ ಚೀಲ ವಾರಕ್ಕೊಮ್ಮೆ 60 ಡಿಗ್ರಿ ಬಿಸಿಯ ನೀರಲ್ಲಿ, ಅಂದರೆ ಕೈ ಇಡಲಾಗದಷ್ಟು ಸುಡುವ ಹಂಡೆ ನೀರಲ್ಲಿ ಅರ್ಧ ಗಂಟೆ ನೆನೆದರೆ ಹುಳ ಸಾಯುತ್ತದೆ. ತಣ್ಣೀರಿಗೆ ಸೋಪು ಎಷ್ಟು ಸುರಿದರೂ ಸಾಯುವುದಿಲ್ಲ. ಕೋಲಿನಿಂದ ತಿರುವಿ, ಕೈ ಹಾಕಬೇಡಿ. ಹಿಂದೆ ಬಿಸಿಲು ಬಿದ್ದ ದಿನ ಕಂಬಳಿ, ಕೌದಿಗಳೆಲ್ಲ ಅಡಿಕೆ ಚಪ್ಪರದ ಮೇಲೆ ಏರುತ್ತಿದ್ದವು, ಸಂಜೆ ಕೋಲಿನಲ್ಲಿ ಬಡಿದು ಒಳಗೆ ತರುತ್ತಿದ್ದರು. ಈಗಿನ ಫೋಮ್ ಹಾಸಿಗೆ ಮಂಚ ಬಿಟ್ಟು ಏಳುವುದೇ ಇಲ್ಲ, ಅದಕ್ಕೆ ಒತ್ತಾದ ನೇಯ್ಗೆಯ ಜಿಪ್ ಕವರ್ ಹಾಕಿ. ಬಡಿಯುವ ಕೆಲಸ ಸೀನುವವರದ್ದಲ್ಲ, ಮನೆಯಲ್ಲಿ ಬೇರೆಯವರಿಲ್ಲವೇ? ಗುಡಿಸುವ ಮೊದಲು ನೆಲಕ್ಕೆ ನೀರು ಚಿಮುಕಿಸಿ, ಇಲ್ಲವೇ ಒದ್ದೆ ಬಟ್ಟೆಯಲ್ಲಿ ಒರೆಸಿ. ಹೊಸ ಹುಲ್ಲಿನ ಕಸಬರಿಗೆ ತಂದರೆ ಹೂವಿನ ಪುಡಿ ಉದುರುವ ತನಕ ಅಂಗಳದ ಕಲ್ಲಿಗೆ ಕುಟ್ಟಿ, ಆಮೇಲೆ ಒಳಗೆ ತನ್ನಿ. ಕಸಬರಿಗೆಯನ್ನು ಹಿಡಿ ಕೆಳಗೆ ಮಾಡಿ ನಿಲ್ಲಿಸಬೇಕು ಅನ್ನುವುದನ್ನೂ ಯಾರೂ ಕಲಿಸಿಲ್ಲ ಅನಿಸುತ್ತದೆ, ತುದಿ ಬಗ್ಗಿ ಎರಡೇ ತಿಂಗಳಿಗೆ ಹಾಳು.

ಕಾಳುಮೆಣಸು ಜೀರಿಗೆ ಕಷಾಯ ಕುಡಿಯಿರಿ, ಗಂಟಲಿಗೆ ಹಿತ, ಅಲರ್ಜಿಯನ್ನು ಅದು ತಡೆಯುವುದಿಲ್ಲ. ಹಬೆಯೂ ಅಷ್ಟೇ. ಕುದಿಯುವ ಪಾತ್ರೆ ಮಕ್ಕಳ ಮುಂದೆ ಇಟ್ಟು ಸುಟ್ಟುಕೊಳ್ಳಬೇಡಿ. ಲೋಬಾನ, ಊದುಬತ್ತಿ, ಸೊಳ್ಳೆಬತ್ತಿಯ ಹೊಗೆ ಮೂಗನ್ನು ಇನ್ನೂ ಕೆರಳಿಸುತ್ತದೆ, ಸೀನುವವರ ಕೋಣೆಗೆ ಸೊಳ್ಳೆ ಪರದೆಯೇ ಸರಿ.

ಉಸಿರಿನಲ್ಲಿ ಸುಯ್ ಸುಯ್ ಶಬ್ದ, ರಾತ್ರಿ ಕೆಮ್ಮು, ಎದೆ ಬಿಗಿತ ಇದ್ದರೆ ಉಬ್ಬಸ ಸೇರಿಕೊಂಡಿರಬಹುದು. ಆಗಲೂ, ಒಂದೇ ಹೊಳ್ಳೆಯಿಂದ ವಾಸನೆಯ ಸಿಂಬಳವೋ ರಕ್ತವೋ ಬಂದಾಗಲೂ ಮನೆಮದ್ದು ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಚಿಕ್ಕ ಮಕ್ಕಳಾದರೆ ಒಳಗೆ ಹುಣಸೆಬೀಜ ಸಿಕ್ಕಿಕೊಂಡಿರುವುದೂ ಉಂಟು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಕಿವಿ ಮೂಗು ಗಂಟಲಿನ ವಿಭಾಗ ಇದೆ, ಹಳೇ ಚೀಟಿ, ಕ್ಯಾಲೆಂಡರಿನ ಗುರುತು ಎರಡನ್ನೂ ಒಯ್ಯಿರಿ. ಪ್ರತಿ ವರ್ಷ ಚಾಲಿ ಸುಲಿಯುವಾಗಲೇ ಕಾಟ ಅನ್ನುವವರು ಡಾಕ್ಟರನ್ನು ಕೇಳಿ ಅದಕ್ಕೆ ಎರಡು ವಾರ ಮೊದಲೇ ಸ್ಪ್ರೇ ಶುರು ಮಾಡಿ. ಸುಲಿಯಲು ಕೂರುವಾಗ ಮೂಗು ಬಾಯಿ ಮುಚ್ಚುವ ಮಾಸ್ಕ್ ಇರಲಿ, ಗಲ್ಲದ ಕೆಳಗೆ ನೇತುಹಾಕುವುದಕ್ಕಲ್ಲ.