ಖೋತಾನಿನ ಹೊಳೆಗಲ್ಲು: ಚೀನಾದ ಜೇಡ್ ಕೊಳ್ಳುವುದು ಹೇಗೆ?

ಕೆಲಸದ ಮೇಲೆ ಚೀನಾಕ್ಕೆ ಹೋದವರು ಮನೆಗೆ ಜೇಡ್ ಕಲ್ಲಿನ ಒಂದು ಪದಕ ತರುವುದು ಈಗ ಅಪರೂಪವೇನಲ್ಲ. ನಾನೂ ತಂದಿದ್ದೆ. ಅಂಗಡಿಯವರು ‘ಕುರಿ ಕೊಬ್ಬಿನ ಬಿಳುಪು ಇದು, ಇಟ್ಟುಕೊಳ್ಳಿ, ಬೆಲೆ ಏರುತ್ತದೆ’ ಎಂದರು. ನಂಬಿದೆ. ಊರಿಗೆ ಬಂದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ನೀರಲ್ಲಿ ಇಳಿಬಿಟ್ಟು ಲೆಕ್ಕ ಹಾಕಿದಾಗ ಅದು ಜೇಡ್ ಅಲ್ಲ, ಬೆಣಚುಕಲ್ಲಿನ ಜಾತಿಯದು ಎಂದು ಗೊತ್ತಾಯಿತು. ಹತ್ತು ನಿಮಿಷದ ಕೆಲಸ. ಆ ಪರೀಕ್ಷೆಯನ್ನು ಕೆಳಗೆ ವಿವರವಾಗಿ ಹೇಳುತ್ತೇನೆ. ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಸ್ವಲ್ಪ ಇದೆ.

ಹೆಜ್ಜೆ 1: ಒಳ್ಳೆಯದನ್ನು ಕಣ್ಣಾರೆ ನೋಡಿ

ಹಣ ತೆಗೆಯುವ ಮುಂಚೆ ನಿಜವಾದ, ಒಳ್ಳೆಯ ಜೇಡ್ ನೋಡಬೇಕು. ಫೋಟೊದಲ್ಲಲ್ಲ, ಎದುರಿಗೆ. ಅದಕ್ಕೆ ಬೀಜಿಂಗ್‌ವರೆಗೆ ಹೋಗಬೇಕಿಲ್ಲ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಜೇಡ್ ವಸ್ತುಗಳಿಗೆಂದೇ ಒಂದು ವಿಭಾಗವಿದೆ. ಜಹಾಂಗೀರ್ ಮತ್ತು ನೂರ್ ಜಹಾನ್ ಹೆಸರಿನ ಚಾಕುಗಳು, ಶಾಹಜಹಾನ್ ಹೆಸರಿರುವ ಬಿಲ್ಲುಗಾರನ ಉಂಗುರ ಅಲ್ಲಿವೆ. ಮೊಘಲರ ಕುಶಲಕರ್ಮಿಗಳಿಗೆ ಈ ಕಲ್ಲು ಬರುತ್ತಿದ್ದುದು ಈಗ ಚೀನಾದಲ್ಲಿರುವ ಖೋತಾನ್ ಕಡೆಯಿಂದ. ಮುಂದೆ 18ನೇ ಶತಮಾನದಲ್ಲಿ ಚೀನಾದ ಚಿಯೆನ್‌ಲಾಂಗ್ ಚಕ್ರವರ್ತಿ ‘ಹಿಂದೂಸ್ತಾನದ ಜೇಡ್’ಗೆ ಮನಸೋತು ಅದರ ಮೇಲೆ ಕವಿತೆಗಳನ್ನೇ ಬರೆದ. ಅದರ ತೆಳುವಾದ ಗೋಡೆ, ಹೂವಿನಂಥ ಅಂಚು ಅವನಿಗೆ ತುಂಬಾ ಹಿಡಿಸಿತ್ತು.

ಅಲ್ಲಿ ನಿಂತು ಮೇಲ್ಮೈ ಗಮನಿಸಿ. ಗಾಜು ಮಿಂಚುವ ಹಾಗೆ ಅದು ಮಿಂಚುವುದಿಲ್ಲ. ಎಣ್ಣೆ ಸವರಿದ ಹಾಗೆ ಮಂದವಾಗಿ ಹೊಳೆಯುತ್ತದೆ. ಬೆಳಕು ಕಲ್ಲಿನೊಳಗೆ ಸ್ವಲ್ಪ ದೂರ ಹೋಗಿ ಅಲ್ಲೇ ಕರಗಿದಂತೆ ಕಾಣುತ್ತದೆ. ಒಂದು ಗಂಟೆ ನೋಡಿದರೆ ಸಾಕು, ಆಮೇಲೆ ಗಾಜಿನ ನಕಲು ಕಣ್ಣಿಗೆ ಚುಚ್ಚುತ್ತದೆ.

ಹೆಜ್ಜೆ 2: ಯಾವ ಕಲ್ಲು ಎಂದು ಕೇಳಿ

ಜೇಡ್ ಎನ್ನುವ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಕಲ್ಲುಗಳಿವೆ. ಒಂದು ನೆಫ್ರೈಟ್, ಇನ್ನೊಂದು ಜೇಡೈಟ್. ಎರಡೂ ಒಂದೇ ಅಲ್ಲ ಎಂದು 1863ರಲ್ಲಿ ಫ್ರಾನ್ಸಿನ ಅಲೆಕ್ಸಿಸ್ ದಮೂರ್ ತೋರಿಸಿಕೊಟ್ಟರು. ಕಣ್ಣು ಕುಕ್ಕುವ ಪಚ್ಚೆ ಹಸಿರಿನ ಬಳೆ ನೋಡಿರುತ್ತೀರಲ್ವಾ? ಅದು ಸಾಮಾನ್ಯವಾಗಿ ಬರ್ಮಾದ ಜೇಡೈಟ್. ಅದು ಚೀನಾಕ್ಕೆ ಹೇರಳವಾಗಿ ಬರತೊಡಗಿದ್ದು 18ನೇ ಶತಮಾನದಲ್ಲಿ. ಚೀನಿಯರು ಸಾವಿರಾರು ವರ್ಷ ಪೂಜಿಸಿದ್ದು, ತೊಟ್ಟದ್ದು, ಸತ್ತವರ ಜೊತೆ ಹೂಳಿದ್ದು ನೆಫ್ರೈಟ್ ಅನ್ನು. ಹಾನ್ ಅರಸರ ಕಾಲದ, ಅಂದರೆ ಸುಮಾರು 2,100 ವರ್ಷ ಹಿಂದಿನ ರಾಜಕುಮಾರ ಲಿಯು ಶೆಂಗ್‌ನ ಸಮಾಧಿ 1968ರಲ್ಲಿ ಸಿಕ್ಕಿತು. ಅವನ ದೇಹಕ್ಕೆ ತೊಡಿಸಿದ್ದ ಕವಚದಲ್ಲಿ 2,498 ಜೇಡ್ ಬಿಲ್ಲೆಗಳಿದ್ದವು. ಅವನ್ನೆಲ್ಲ ಚಿನ್ನದ ತಂತಿಯಿಂದ ಹೊಲಿದಿದ್ದರು. ಜೇಡ್ ದೇಹವನ್ನು ಕೊಳೆಯದಂತೆ ಕಾಯುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು.

ನಮ್ಮ ಕಡೆ ಇನ್ನೊಂದು ಗೊಂದಲ ಇದೆ. ‘ಇಂಡಿಯನ್ ಜೇಡ್’ ಎಂದು ಮಾರುವ ಹಸಿರು ಕಲ್ಲು ಅವೆಂಚುರಿನ್. ಅದು ಬೆಣಚುಕಲ್ಲಿನ ಜಾತಿ. ‘ನ್ಯೂ ಜೇಡ್’ ಅಂದರೆ ಸರ್ಪೆಂಟೈನ್, ‘ಮಲೇಷ್ಯಾ ಜೇಡ್’ ಅಂದರೆ ಬಣ್ಣ ಹಾಕಿದ ಬೆಣಚುಕಲ್ಲು, ‘ಅಫ್ಘಾನ್ ಜೇಡ್’ ಅಂದರೆ ಅಮೃತಶಿಲೆಯ ಜಾತಿ. ಜೇಡ್ ಎಂಬ ಪದದ ಹಿಂದೆ ಒಂದು ದೇಶದ ಹೆಸರೋ ‘ಹೊಸ’ ಎಂಬ ಮಾತೋ ಅಂಟಿಕೊಂಡಿದ್ದರೆ ಎಚ್ಚರ ಇರಲಿ. ಬಿಲ್ಲಿನಲ್ಲಿ ‘ನೆಫ್ರೈಟ್’ ಎಂದು ಬರೆದುಕೊಡಲು ಕೇಳಿ. ಬರೆಯಲು ಹಿಂದೆ ಮುಂದೆ ನೋಡಿದರೆ ಎದ್ದು ಬನ್ನಿ.

ಹೆಜ್ಜೆ 3: ‘ಹೆತಿಯನ್’ ಎಂಬ ಹೆಸರಿಗೆ ಬೀಳಬೇಡಿ

ನನ್ನ ಪ್ರಕಾರ ಜಾಸ್ತಿ ಹಣ ಹೋಗುವುದು ಇಲ್ಲೇ. ಷಿನ್‌ಜಿಯಾಂಗ್‌ನ ಹಳೆಯ ಖೋತಾನ್ ಪಟ್ಟಣವೇ ಇಂದಿನ ಹೆತಿಯನ್. ಕುನ್ಲುನ್ ಪರ್ವತದಿಂದ ಇಳಿಯುವ ಯುರುಂಗ್‌ಕಾಶ್ ಮತ್ತು ಕರಾಕಾಶ್ ನದಿಗಳು ಅದರ ಆಚೀಚೆ ಹರಿಯುತ್ತವೆ. ಒಂದರ ಹೆಸರಿಗೆ ಬಿಳಿ ಜೇಡ್ ನದಿ, ಇನ್ನೊಂದಕ್ಕೆ ಕಪ್ಪು ಜೇಡ್ ನದಿ ಎಂದರ್ಥ. ಮಂಜು ಕರಗಿ ಪ್ರವಾಹ ಬಂದಾಗ ಬೆಟ್ಟದ ಕಲ್ಲು ಉರುಳಿ ಬರುತ್ತದೆ, ನೀರು ಇಳಿದ ಮೇಲೆ ಜನ ಹೊಳೆಯಲ್ಲಿ ಹುಡುಕುತ್ತಾರೆ. ಉರುಳುರುಳಿ ಬಿರುಕಿನ ಭಾಗವೆಲ್ಲ ಒಡೆದುಹೋಗಿ, ಗಟ್ಟಿಯಾದದ್ದೇ ಉಳಿದಿರುತ್ತದೆ. ಈ ಹೊಳೆಗಲ್ಲಿಗೆ ಚೀನಿಯರು ‘ಜಿಲ್ಯಾವ್’ ಎನ್ನುತ್ತಾರೆ. ಬೆಟ್ಟದಿಂದ ನೇರವಾಗಿ ಒಡೆದು ತಂದದ್ದು ‘ಷಾನ್‌ಲ್ಯಾವ್’. ಬೆಲೆ ಹೆಚ್ಚು ಹೊಳೆಗಲ್ಲಿಗೇ.

ಆದರೆ ಚೀನಾದ ರಾಷ್ಟ್ರೀಯ ಮಾನದಂಡದಲ್ಲಿ ‘ಹೆತಿಯನ್ ಯು’ (ಯು ಎಂದರೆ ಜೇಡ್) ಎನ್ನುವುದು ಊರಿನ ಹೆಸರಲ್ಲ, ಕಲ್ಲಿನ ಹೆಸರು. ಮುಖ್ಯವಾಗಿ ಟ್ರೆಮೊಲೈಟ್ ಖನಿಜದಿಂದ ಆದ ಜೇಡ್ ಎಲ್ಲಿಂದ ಬಂದರೂ ಪ್ರಮಾಣಪತ್ರದಲ್ಲಿ ಅದೇ ಹೆಸರು ಬರಬಹುದು. ಚಿಂಗ್‌ಹಾಯ್ ಪ್ರಾಂತ್ಯದ್ದು, ರಷ್ಯಾದ ಬೈಕಲ್ ಸರೋವರದ ಕಡೆಯದು, ಕೊರಿಯಾದ್ದು, ಎಲ್ಲಕ್ಕೂ. 2008ರ ಬೀಜಿಂಗ್ ಒಲಿಂಪಿಕ್ಸ್ ಪದಕಗಳಲ್ಲಿ ಕೂರಿಸಿದ್ದ ಜೇಡ್ ಕೂಡ ಚಿಂಗ್‌ಹಾಯ್‌ನದು. ಚಿನ್ನದ ಪದಕಕ್ಕೆ ಬಿಳಿ, ಬೆಳ್ಳಿಗೆ ತಿಳಿಹಸಿರು ಬೆರೆತ ಬಿಳಿ, ಕಂಚಿಗೆ ಹಸಿರು.

ಬೇರೆ ಊರಿನ ಕಲ್ಲು ಕೀಳು ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಚಿಂಗ್‌ಹಾಯ್ ಕಲ್ಲು ನೋಡಲು ಬಹಳ ಚೆನ್ನಾಗಿರುತ್ತದೆ. ಆದರೆ ಷಿನ್‌ಜಿಯಾಂಗ್ ಹೊಳೆಗಲ್ಲಿನ ಬೆಲೆ ಕೇಳುತ್ತಿದ್ದರೆ ‘ಪ್ರಮಾಣಪತ್ರದಲ್ಲಿ ಹೆತಿಯನ್ ಎಂದಿದೆ ನೋಡಿ’ ಎನ್ನುವ ಮಾತು ಉತ್ತರವಾಗುವುದಿಲ್ಲ. ಮೂಲ ಯಾವುದು, ಹೊಳೆಯದೋ ಬೆಟ್ಟದ್ದೋ ಎಂದು ಬೇರೆಯಾಗಿಯೇ ಕೇಳಿ. ಚಿಂಗ್‌ಹಾಯ್ ಕಲ್ಲು ಹೆಚ್ಚು ಪಾರದರ್ಶಕ, ಟಾರ್ಚ್ ಹಿಡಿದರೆ ಕೆಲವೊಮ್ಮೆ ನೀರಿನ ಗೆರೆಯಂಥ ಎಳೆಗಳು ಕಾಣುತ್ತವೆ ಎಂದು ವ್ಯಾಪಾರಿಗಳೇ ಹೇಳುತ್ತಾರೆ.

ಹೆಜ್ಜೆ 4: ತಕ್ಕಡಿ, ದಾರ, ಒಂದು ಲೋಟ ನೀರು

ಬೇಕಾದದ್ದು 0.1 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ. ಲೋಹ ಸೇರದ ಬರಿ ಕಲ್ಲಿಗೆ ಮಾತ್ರ ಈ ಪರೀಕ್ಷೆ.

ಮೊದಲು ಕಲ್ಲನ್ನು ಹಾಗೇ ತೂಗಿ, ಬರೆದಿಟ್ಟುಕೊಳ್ಳಿ. ಆಮೇಲೆ ತಕ್ಕಡಿಯ ಮೇಲೆ ನೀರು ತುಂಬಿದ ಲೋಟ ಇಟ್ಟು, ಅಂಕಿಯನ್ನು ಸೊನ್ನೆ ಮಾಡಿ. ತೆಳ್ಳಗಿನ ದಾರದಲ್ಲಿ ಕಲ್ಲು ಕಟ್ಟಿ, ನೀರಿನಲ್ಲಿ ಪೂರ್ತಿ ಮುಳುಗುವಂತೆ ಕೈಯಲ್ಲಿ ಹಿಡಿದುಕೊಳ್ಳಿ. ತಳಕ್ಕೂ ಪಕ್ಕಕ್ಕೂ ತಾಗಬಾರದು, ಗುಳ್ಳೆ ಅಂಟಿರಬಾರದು. ಆಗ ತಕ್ಕಡಿ ತೋರಿಸುವ ಅಂಕಿ ಕಲ್ಲು ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಮೊದಲ ಅಂಕಿಯನ್ನು ಇದರಿಂದ ಭಾಗಿಸಿ.

ಕಲ್ಲು 59 ಗ್ರಾಂ ಇದ್ದು ನೀರಿನಲ್ಲಿ 20 ತೋರಿಸಿದರೆ ಉತ್ತರ 2.95. ನೆಫ್ರೈಟ್ ಇರುವುದು ಇಲ್ಲೇ, ಹೆಚ್ಚುಕಮ್ಮಿ 2.90ರಿಂದ 3.03ರ ನಡುವೆ. ನನ್ನ ಪದಕ 53 ಗ್ರಾಂ ಇತ್ತು, ನೀರಿನಲ್ಲಿ 20 ಬಂತು. ಅಂದರೆ 2.65. ಅದು ಬೆಣಚುಕಲ್ಲಿನ ಅಂಕಿ. ಅಮೃತಶಿಲೆ ಸುಮಾರು 2.7, ಸರ್ಪೆಂಟೈನ್ ಸುಮಾರು 2.6, ಜೇಡೈಟ್ ಸುಮಾರು 3.3.

ಅಂಕಿ ಹೊಂದಲಿಲ್ಲ ಅಂದರೆ ಕಲ್ಲು ಬೇರೆ ಎಂದು ಧೈರ್ಯವಾಗಿ ಹೇಳಬಹುದು. ಹೊಂದಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಅದೇ ಸಾಂದ್ರತೆಯ ಬೇರೆ ವಸ್ತುಗಳೂ ಇವೆ. ದೊಡ್ಡ ಮೊತ್ತವಾದರೆ ಪ್ರಯೋಗಾಲಯಕ್ಕೆ ಕೊಡಿ. ಜೈಪುರದ ರತ್ನ ಪರೀಕ್ಷಾ ಪ್ರಯೋಗಾಲಯಗಳಂಥ ಕಡೆ ಕಲ್ಲು ಕೆಡಿಸದೆ ಹೇಳುತ್ತಾರೆ. ಚೀನಾದಲ್ಲಿ ಕೊಂಡದ್ದಾದರೆ ರಾಷ್ಟ್ರೀಯ ರತ್ನ ಪರೀಕ್ಷಾ ಕೇಂದ್ರ, ಅಂದರೆ ಎನ್‌ಜಿಟಿಸಿಯ ಪ್ರಮಾಣಪತ್ರ ಕೇಳಿ, ಅದರ ಸಂಖ್ಯೆಯನ್ನು ಕೇಂದ್ರದ ಜಾಲತಾಣದಲ್ಲೇ ಹಾಕಿ ನೋಡಿ. ಅಲ್ಲಿ ಕಾಣುವ ಚಿತ್ರ, ತೂಕ ನಿಮ್ಮ ಕಲ್ಲಿಗೆ ಹೊಂದಬೇಕು.

ಗಾಜು ಗೀರಿ ತೋರಿಸುವ ಆಟ ಬೇಡ. ಬೆಣಚುಕಲ್ಲೂ ಗಾಜು ಗೀರುತ್ತದೆ. ಸುಮ್ನೆ ಕಲ್ಲು ಹಾಳಾಗುತ್ತದೆ.

ಹೆಜ್ಜೆ 5: ಸಿಪ್ಪೆ ನೋಡಿ, ಆಮೇಲೆ ಹದ ನೋಡಿ

ಹೊಳೆಗಲ್ಲಿಗೆ ಬೆಲೆ ಜಾಸ್ತಿ ಎಂದ ಮೇಲೆ ನಕಲೂ ಬರುತ್ತದೆ. ಬೆಟ್ಟದ ಕಲ್ಲನ್ನು ಯಂತ್ರದ ಡ್ರಮ್ಮಿನಲ್ಲಿ ಉರುಳಿಸಿ ದುಂಡಗೆ ಮಾಡುತ್ತಾರೆ. ಮೇಲೆ ಕಂದು, ಕಿತ್ತಳೆ ಬಣ್ಣ ಹಾಕುತ್ತಾರೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಕನ್ನಡಿ ಇಟ್ಟುಕೊಳ್ಳಿ. ಹೊಳೆಗಲ್ಲಿನ ನಿಜವಾದ ಸಿಪ್ಪೆಯ, ಅಂದರೆ ಹೊರಮೈಯ ಮೇಲೆ ನಮ್ಮ ಚರ್ಮದ ಬೆವರುರಂಧ್ರದಂಥ ಸಣ್ಣ ಗುಳಿಗಳು ಇರುತ್ತವೆ, ಒಂದೊಂದೂ ಒಂದೊಂದು ಅಳತೆ. ಬಣ್ಣ ಹೊರಗಿನಿಂದ ಒಳಕ್ಕೆ ನಿಧಾನವಾಗಿ ತಿಳಿಯಾಗುತ್ತ ಹೋಗುತ್ತದೆ. ಬಣ್ಣ ಬಿರುಕಿನಲ್ಲಿ ಮಾತ್ರ ಗಾಢವಾಗಿ ನಿಂತು, ಉಳಿದ ಕಡೆ ತೇಲುತ್ತಿದ್ದರೆ ಅನುಮಾನ ಪಡಿ.

ಬಿಳುಪಿಗಿಂತ ಹದ ಮುಖ್ಯ. ನೆಫ್ರೈಟ್ ಅಂದರೆ ಕೂದಲಿಗಿಂತ ತೆಳ್ಳಗಿನ ನಾರುಗಳು ಕಂಬಳಿಯ ಹಾಗೆ ಒಂದಕ್ಕೊಂದು ಹೆಣೆದುಕೊಂಡ ಕಲ್ಲು. ಅದಕ್ಕೇ ಅದು ಸುಲಭಕ್ಕೆ ಒಡೆಯುವುದಿಲ್ಲ. ಚಾಣದಿಂದ ಕೆತ್ತಲಾಗದು, ಗಟ್ಟಿ ಮರಳಿನ ಪುಡಿ ಹಾಕಿ ಉಜ್ಜಿ ಉಜ್ಜಿ ರೂಪ ಕೊಡಬೇಕು. ನಾರು ಸಣ್ಣದಾದಷ್ಟೂ ಕಲ್ಲು ನುಣುಪು. ಅಂಗಡಿಯ ಹಳದಿ ದೀಪದಡಿ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಕಿಟಕಿಯ ಬಳಿ ಹಗಲು ಬೆಳಕಿನಲ್ಲಿ ನೋಡಿ. ಸೀಮೆಸುಣ್ಣದ ಹಾಗೆ ಒಣಗಿದ ಬಿಳುಪಿಗಿಂತ, ಸ್ವಲ್ಪ ಕೆನೆಬಣ್ಣವಿದ್ದು ಎಣ್ಣೆ ಹೊಳಪಿರುವ ಕಲ್ಲೇ ನನಗೆ ಮೇಲು. ‘ಕುರಿ ಕೊಬ್ಬು’ ಎಂಬ ಹೆಸರು ಬಂದದ್ದೂ ಆ ಹೊಳಪಿನಿಂದಲೇ.

ಹೆಜ್ಜೆ 6: ‘ಪುರಾತನ’ ಎಂದರೆ ಸದ್ಯಕ್ಕೆ ಬೇಡ

ಲಿಯಾಂಗ್‌ಝು ಎಂಬ ಚೀನಾದ ಪ್ರಾಚೀನ ಸಂಸ್ಕೃತಿಯ ಜನ 4,000 ವರ್ಷಕ್ಕೂ ಹಿಂದೆ ಮಾಡಿದ ಜೇಡ್ ಬಿಲ್ಲೆ ಇದು ಎಂದು ಯಾರಾದರೂ ಸಂತೆಯಲ್ಲಿ ಕೈಗಿಟ್ಟರೆ ಮನಸ್ಸು ಜಿಗಿಯುತ್ತದೆ. ತಡೆಯಿರಿ. 1911ಕ್ಕೂ ಹಿಂದಿನ ಸಾಂಸ್ಕೃತಿಕ ವಸ್ತುಗಳನ್ನು ಚೀನಾದಿಂದ ಹೊರಗೆ ಒಯ್ಯುವುದಕ್ಕೆ ನಿಷೇಧವಿದೆ. ಹಾಗಾಗಿ ಆ ವಸ್ತು ನಕಲಿ ಆಗಿರಬೇಕು, ಇಲ್ಲವೇ ತರುವುದು ಅಪರಾಧ. ಎರಡೂ ಬೇಡ. ಮಣ್ಣಿನಡಿ ಇದ್ದಾಗ ಬರುವಂಥ ಕಂದು ಕಲೆಯನ್ನು ರಾಸಾಯನಿಕ ಹಾಕಿ, ಬಿಸಿ ಮಾಡಿ ತರಿಸುತ್ತಾರೆ. ಹೆಸರು ಕೆತ್ತಿರುವುದೂ ಸಾಕ್ಷಿಯಲ್ಲ. ಮಿಂಗ್ ಅರಸರ ಕಾಲದಲ್ಲಿ (14–17ನೇ ಶತಮಾನ) ಸುಝೌ ನಗರದಲ್ಲಿದ್ದ ಕುಶಲಕರ್ಮಿ ಲು ಝಿಗಾಂಗ್ ಹೆಸರನ್ನು ಮುಂದಿನ ಶತಮಾನಗಳ ಎಷ್ಟೋ ಕೈಗಳು ಕೆತ್ತಿವೆ.

ಭಾರತದಲ್ಲೂ 100 ವರ್ಷ ದಾಟಿದ ವಸ್ತುವಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯಿಸುತ್ತದೆ. ಆಮೇಲೆ ಹೊರದೇಶಕ್ಕೆ ಮಾರಬೇಕೆಂದರೆ ದಾರಿ ಕಷ್ಟ. ಹೊಸಬರಿಗೆ ಈ ಕಾಲದ ಒಳ್ಳೆಯ ಕೆಲಸವೇ ಸರಿ. ಸುಝೌ, ಯಾಂಗ್‌ಝೌಗಳಲ್ಲಿ ಈಗಲೂ ದೊಡ್ಡ ಕುಶಲಕರ್ಮಿಗಳಿದ್ದಾರೆ. ಚಿಯೆನ್‌ಲಾಂಗ್ ಕಾಲದ, ಎರಡು ಮೀಟರ್‌ಗೂ ಎತ್ತರದ, ಸುಮಾರು 5 ಟನ್ ತೂಕದ ‘ಮಹಾ ಯು’ (ಇಲ್ಲಿ ಯು ಎಂಬುದು ಪುರಾಣದ ಒಬ್ಬ ರಾಜನ ಹೆಸರು) ಜೇಡ್ ಬೆಟ್ಟವನ್ನು ಕೆತ್ತಿದ್ದು ಯಾಂಗ್‌ಝೌನಲ್ಲೇ. ಕಲ್ಲು ಹೋದದ್ದು ಖೋತಾನಿನಿಂದ.

ಹೆಜ್ಜೆ 7: ಹಣದ ಮಾತು

‘ಚಿನ್ನಕ್ಕೆ ಬೆಲೆ ಇದೆ, ಜೇಡ್‌ಗೆ ಬೆಲೆ ಕಟ್ಟಲಾಗದು’ ಎಂಬುದು ಚೀನೀ ಗಾದೆ. ಹೂಡಿಕೆ ಮಾಡುವವರು ಇದನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ಚಿನ್ನದ ಹಾಗೆ ಜೇಡ್‌ಗೆ ದಿನದ ದರವಿಲ್ಲ. ಗ್ರಾಂ ಲೆಕ್ಕ ಎಲ್ಲ ಕಲ್ಲಿಗೂ ನಡೆಯುವುದಿಲ್ಲ. ಚಿಕ್ಕಪೇಟೆಯಲ್ಲಿ ಚಿನ್ನ ಕೊಟ್ಟು ಸಂಜೆಗೆ ದುಡ್ಡು ತರಬಹುದು, ನೆಫ್ರೈಟ್ ಪದಕ ಕೊಟ್ಟು ತರಲಾಗದು. ಕೊಳ್ಳುವವರಿರುವುದು ಹೆಚ್ಚಾಗಿ ಚೀನಾ, ಹಾಂಗ್‌ಕಾಂಗ್, ತೈವಾನ್‌ಗಳಲ್ಲಿ. ದೊಡ್ಡ ಹರಾಜು ಸಂಸ್ಥೆಗಳಲ್ಲಿ ಕೊಳ್ಳುವವರು ಕೂಗಿನ ಬೆಲೆಯ ಮೇಲೆ ಸುಮಾರು ಕಾಲು ಭಾಗ ಹೆಚ್ಚುವರಿ ಕೊಡಬೇಕು, ಮಾರುವವರಿಂದಲೂ ಕಮಿಷನ್ ಹೋಗುತ್ತದೆ. ಅಂದರೆ ಬೆಲೆ ಚೆನ್ನಾಗಿ ಏರಿದರೂ ನಿಮ್ಮ ಕೈಗೆ ಬರುವುದು ಅಷ್ಟಲ್ಲ.

ಆದ್ದರಿಂದ ನಾನು ಹೇಳುವುದು ಇಷ್ಟು: ಮಗಳ ಮದುವೆಗೋ ಮನೆ ಸಾಲಕ್ಕೋ ಬೇಕಾಗುವ ಹಣವನ್ನು ಇದಕ್ಕೆ ಹಾಕಬೇಡಿ. ಹತ್ತು ಸಾಧಾರಣ ಕಲ್ಲು ಕೂಡಿಡುವ ಬದಲು, ಕಾದು ಒಂದು ಒಳ್ಳೆಯದನ್ನು ಕೊಳ್ಳಿ. ಯಾರೂ ವಾಪಸ್ ಕೊಳ್ಳದಿದ್ದರೂ ಇದು ನನ್ನ ಬಳಿ ಇರಲಿ ಅನ್ನಿಸುವ ಕಲ್ಲು ಅದಾಗಿರಲಿ. ಬಿಲ್ಲು, ಪ್ರಮಾಣಪತ್ರ, ತೂಕ, ಹಗಲು ಬೆಳಕಿನ ಫೋಟೊ, ಕಸ್ಟಮ್ಸ್ ರಸೀದಿ ಎಲ್ಲವನ್ನೂ ಒಂದೇ ಕಡೆ ಇಡಿ. ಮಾರಿದಾಗ ಬಂದ ಲಾಭಕ್ಕೆ ತೆರಿಗೆ ಬರುತ್ತದೆ, ಆಗ ಕೊಂಡ ಬೆಲೆಯ ದಾಖಲೆ ಬೇಕು.

ಹೆಜ್ಜೆ 8: ಮನೆಗೆ ತಂದ ಮೇಲೆ

ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ಮೆತ್ತನೆ ಬ್ರಷ್ ಸಾಕು. ಆಸಿಡ್, ಬ್ಲೀಚ್ ತಾಗಿಸಬೇಡಿ. ಕಲ್ಲು ಗಟ್ಟಿ ನಿಜ, ಆದರೆ ತೆಳ್ಳಗಿನ ಬಳೆ ಗ್ರಾನೈಟ್ ನೆಲಕ್ಕೆ ಬಿದ್ದರೆ ಒಡೆಯುತ್ತದೆ. ಪೆಟ್ಟಿಗೆಯಲ್ಲಿ ವಜ್ರ, ಮಾಣಿಕ್ಯದ ಜೊತೆ ಹಾಕಬೇಡಿ, ಅವು ಇದನ್ನು ಗೀರುತ್ತವೆ. ಬೀರುವಿನಲ್ಲೇ ಇಡಬೇಕೆಂದೂ ಇಲ್ಲ. ಚೀನಾದಲ್ಲಿ ಸಂಗ್ರಹಕಾರರು ಕಲ್ಲನ್ನು ದಿನಾ ಕೈಯಲ್ಲಿಟ್ಟುಕೊಂಡು ಬೆರಳಿಂದ ಸವರುತ್ತಾರೆ. ಕೈಯ ಜಿಡ್ಡು ತಾಗಿ ತಾಗಿ ಹೊಳಪು ಮೃದುವಾಗುತ್ತದೆ. ಪದಕವಾಗಿ ತೊಡುವುದಾದರೆ ದಾರವನ್ನು ಆಗಾಗ ನೋಡಿ, ತೂತಿನ ಅಂಚಿನಲ್ಲಿ ಎಳೆ ಬಿಟ್ಟಿದ್ದರೆ ಅಂದೇ ಬದಲಿಸಿ.